ಮದಕದ ಅಣಬೆ

ಅಕ್ಕ ತೀರಿಕೊಂಡ ಮೇಲೆ ಆ ಮನೆಯ ವಿಷಯದಲ್ಲಿ ನನ್ನನ್ನು ತಿದ್ದುವವರು ಯಾರೂ ಉಳಿದಿಲ್ಲ. ಬಚ್ಚಲಿನ ಹಂಡೆ ಎಡಗಡೆ ಇತ್ತು ಎಂದು ನಾನು ಹೇಳಿದರೆ, ಅಲ್ಲ ಮಾರಾಯ್ತಿ, ಬಲಗಡೆ, ನೀನು ಯಾವಾಗಲೂ ಒಳಗಿನಿಂದ ನೋಡಿ ಹೇಳುದು, ಎನ್ನುತ್ತಿದ್ದಳು. ಈಗ ಹಂಡೆ ನಾನು ಇಟ್ಟಲ್ಲೇ ಇರುತ್ತದೆ. ಹೆದರಿಕೆ ಅದಕ್ಕೇ. ನನಗೆ ಬೇಕಾದ ಹಾಗೆ ನೆನಪು ಮಾಡಿಕೊಳ್ಳಲು ಈಗ ಯಾರ ಅಡ್ಡಿಯೂ ಇಲ್ಲ. ಆದ್ದರಿಂದ ಅಕ್ಕ ಓದಿದ್ದರೆ ಹೌದು ಎನ್ನುತ್ತಿದ್ದಳು ಎಂದು ನನಗೆ ಖಚಿತವಿರುವುದನ್ನು ಮಾತ್ರ ಇಲ್ಲಿ ಬರೆಯುತ್ತೇನೆ, ಒಂದನ್ನು ಬಿಟ್ಟು. ಆ ಒಂದು ವಿಷಯವನ್ನು ನಾನು ಅವಳಿಗೆ ಹೇಳಿರಲಿಲ್ಲ.

ನಮ್ಮ ಮನೆ ಕಡಬದಿಂದ ಸುಬ್ರಹ್ಮಣ್ಯದ ಕಡೆಗೆ ಹೋಗುವ ದಾರಿಯಿಂದ ಸಾಕಷ್ಟು ಒಳಗೆ, ಒಂದು ಗುಡ್ಡೆಯ ಬದಿಯಲ್ಲಿ ಇತ್ತು. ಅಂಗಳದ ತುದಿಗೆ ಬಂದು ನಿಂತರೆ ಎದುರಿಗೇ ಮದಕ. ಎರಡು ಗುಡ್ಡೆಗಳ ನಡುವಿನ ಕಣಿವೆಗೆ ಅಡ್ಡವಾಗಿ ಮಣ್ಣಿನ ಕಟ್ಟ ಹಾಕಿ ಮಳೆನೀರು ನಿಲ್ಲಿಸಿದ ಕೆರೆಗೆ ನಮ್ಮಲ್ಲಿ ಮದಕ ಎನ್ನುತ್ತಾರೆ. ಅದು ಸರಕಾರದ್ದಲ್ಲ, ಊರಿನದ್ದೂ ಅಲ್ಲ, ನಮ್ಮ ಮನೆಯದ್ದು. ಕಟ್ಟದ ನಡುವಿನಲ್ಲಿ ಬೈಲಿನ ಗದ್ದೆಯ ಅಡಿಯಿಂದ ತೆಗೆದ ಬಿಳಿ ಜೇಡಿ ಮಣ್ಣು, ಎರಡು ಬದಿಗೂ ಗುಡ್ಡೆಯ ಕೆಂಪು ಮಣ್ಣು. ಒಂದು ತುದಿಯಲ್ಲಿ ಹೆಚ್ಚಾದ ನೀರು ಹರಿದು ಹೋಗಲು ಮುರಕಲ್ಲು ಕಡಿದು ಮಾಡಿದ ಕೋಡಿ. ಬುಡದಲ್ಲಿ ಗದ್ದೆಗೆ ನೀರು ಬಿಡುವ ಕಲ್ಲಿನ ತೂಬು, ಅದಕ್ಕೆ ಮರದ ಬೆಣೆ. ಕಟ್ಟದ ಮೇಲೆ ಈ ತುದಿಯಿಂದ ಆ ತುದಿಗೆ ನನಗೆ ತೊಂಬತ್ತು ಹೆಜ್ಜೆ, ಅಕ್ಕನಿಗೆ ಎಪ್ಪತ್ತು. ಮಳೆ ನಿಂತ ಮೇಲೆ ಬೈಲಿನ ಎರಡನೆಯ ಬೆಳೆ, ಅಂದರೆ ಸುಗ್ಗಿ, ಬೆಳೆಯುತ್ತಿದ್ದುದು ಅದರ ನೀರಿನಿಂದಲೇ. ತೂಬು ತೆರೆದಾಗ ನೀರು ಕಲ್ಲಿನೊಳಗೆ ಗೊಳಗೊಳ ಎನ್ನುವುದು ಅಡುಗೆ ಕೋಣೆಗೂ ಕೇಳುತ್ತಿತ್ತು. ಅಜ್ಜಿ ಒಲೆಯ ಮುಂದೆ ಕುಳಿತಲ್ಲಿಂದಲೇ ಆ ಸದ್ದು ಕೇಳಿ, ಬೆಣೆ ಪೂರ್ತಿ ತೆಗೆದಿಲ್ಲ, ಅರ್ಧ ತೆಗೆದದ್ದು, ಎಂದು ಹೇಳುವಳು.

ಮದಕ ನೋಡಿಕೊಳ್ಳುತ್ತಿದ್ದವರು ಐತಪ್ಪಣ್ಣ. ಅವರ ಮನೆ ಕಟ್ಟದ ಬುಡದಲ್ಲಿ, ತೂಬಿನ ನೀರು ಹೊರಗೆ ಬರುವ ತೋಡಿನ ಪಕ್ಕದಲ್ಲಿ ಇತ್ತು. ಅವರ ಹೆಂಡತಿ ಬಾಗಿಯಕ್ಕ. ನಮ್ಮ ಮನೆಯಲ್ಲಿ ಎಲ್ಲರೂ ಅವರನ್ನು ಅವನು, ಅವಳು ಎನ್ನುತ್ತಿದ್ದರು, ನಾವು ಮಕ್ಕಳೂ ಹಾಗೆಯೇ. ಇಲ್ಲಿ ಅವರು ಎಂದು ಬರೆಯುತ್ತಿದ್ದೇನೆ, ಇಷ್ಟು ತಡವಾಗಿ. ಬಾಗಿಯಕ್ಕ ಬೆಳಿಗ್ಗೆ ಬಂದು ಅಂಗಳದ ಮೂಲೆಯ ದೊಡ್ಡ ಒಲೆಯಲ್ಲಿ ಬತ್ತ ಬೇಯಿಸುತ್ತಿದ್ದರು. ಬೆಂದ ಬತ್ತದ ಹಬೆ ಏಳುವಾಗ ಚಳಿಗೆ ನನ್ನನ್ನು ಹತ್ತಿರ ಎಳೆದುಕೊಂಡು ಕೂರಿಸಿ, ಸೀರೆಯ ಸೆರಗನ್ನು ನನ್ನ ಕಿವಿಗೆ ಸುತ್ತುವರು. ಅವರ ಮಕ್ಕಳು ಉಳಿದಿರಲಿಲ್ಲ. ಎರಡು ಹುಟ್ಟಿ ಎರಡೂ ಹೋಗಿದ್ದವು ಎಂದು ನನಗೆ ಆಮೇಲೆ ತಿಳಿಯಿತು. ಹತ್ತು ಗಂಟೆಗೆ ಗಂಜಿ, ಒಣಮೀನಿನ ಚಟ್ನಿ. ಅವರು ಜಗಲಿಯ ಕೆಳಗೆ ಕುಳಿತು ಉಣ್ಣುತ್ತಿದ್ದರು. ಅಡುಗೆ ಕೋಣೆಯ ಒಳಗೆ ಬರಬಾರದು ಎಂದು ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಬರುತ್ತಿರಲಿಲ್ಲ, ಅಷ್ಟೆ.

ಐತಪ್ಪಣ್ಣನ ಕೆಲಸದ ಕ್ರಮ ಬೇರೆಯೇ. ಬೆಳಿಗ್ಗೆ ಇಬ್ಬನಿ ಆರುವ ಮೊದಲು ಕಟ್ಟದ ಹೊರಮೈಯಲ್ಲಿ ಬರಿಗಾಲಿನಲ್ಲಿ ಅಡ್ಡಡ್ಡ ನಡೆಯುವರು. ಒಂದು ಸಾಲು ಆ ಕಡೆ, ಒಂದು ಮೆಟ್ಟಿಲು ಕೆಳಗೆ ಇಳಿದು ಇನ್ನೊಂದು ಸಾಲು ಈ ಕಡೆ, ಉತ್ತ ಹಾಗೆ. ಅಲ್ಲಲ್ಲಿ ನಿಂತು ಹಿಮ್ಮಡಿಯನ್ನು ಮಣ್ಣಿಗೆ ಒತ್ತುವರು. ಎಲ್ಲಿ ನೀರು ಒಳಗಿನಿಂದ ಬರುತ್ತಿದೆ ಎಂದು ಕಣ್ಣಿಗಿಂತ ಮೊದಲು ಕಾಲಿಗೆ ಗೊತ್ತಾಗುತ್ತದೆ ಎನ್ನುತ್ತಿದ್ದರು. ಅಪ್ಪ ಒಮ್ಮೆ ಪುತ್ತೂರಿನಿಂದ ಅವರಿಗೆ ಚಪ್ಪಲಿ ತಂದುಕೊಟ್ಟಿದ್ದರು. ಅದನ್ನು ಅವರು ಮನೆಯ ಸೂರಿನ ಮಾಡಿಗೆ ಸಿಕ್ಕಿಸಿಟ್ಟರು. ಕೇಳಿದರೆ, ನನ್ನ ಸಂಬಳ ಇರುದೇ ಕಾಲಿಗೆ, ಮುಚ್ಚಿದ್ರೆ ಧಣಿ ಎಂತಕ್ಕೆ ಕೊಡ್ತಾರೆ, ಎಂದು ನಗುವರು.

ಇಡೀ ಕಟ್ಟದಲ್ಲಿ ಒಂದೇ ಒಂದು ಕಡೆ ಅವರು ಕಾಲಿಡುತ್ತಿರಲಿಲ್ಲ. ಹೊರಮೈಯ ನಡುಮಧ್ಯೆ, ಬುಡಕ್ಕಿಂತ ಸ್ವಲ್ಪ ಮೇಲೆ, ಒಂದು ಪೊದೆ ಇತ್ತು. ಪ್ರತಿ ವರ್ಷ ಕಟ್ಟದ ಹುಲ್ಲು ಕೆರೆಯುವಾಗ ಅಜ್ಜಿ ಅಂಗಳದ ತುದಿಯಿಂದಲೇ, ಐತಪ್ಪಾ, ಆ ಬಲ್ಲೆ ಮುಟ್ಟುದು ಬೇಡ, ಮದ್ದಿನ ಬೇರು ಉಂಟು ಅದರಲ್ಲಿ, ಎಂದು ಕೂಗುವಳು. ಅಲ್ಲಿ ಮದ್ದಿನ ಬೇರು ಇರಲಿಲ್ಲ. ಇದ್ದದ್ದು ಅಣಬೆ. ಮೊದಲ ಮಳೆ ಬಂದು ಗುಡುಗು ಹೊಡೆದ ಎರಡನೆಯ ದಿನವೋ ಮೂರನೆಯ ದಿನವೋ ಆ ಪೊದೆಯ ಸುತ್ತ ಮಣ್ಣು ಬಿರಿದು, ಬಿಳಿಯ ಮೊಟ್ಟೆಯಂಥ ತಲೆಗಳು ಏಳುತ್ತಿದ್ದವು. ಮರುದಿನ ಬೆಳಗ್ಗೆ ನೋಡಿದರೆ ಕೊಡೆ ಬಿಡಿಸಿದ ಹಾಗೆ. ಅಜ್ಜಿ ಈ ಜಾಗವನ್ನು ತೋರಿಸಿದ್ದು ಅಕ್ಕನಿಗೆ ಮತ್ತು ನನಗೆ ಮಾತ್ರ. ಅಮ್ಮನಿಗೂ ಇಲ್ಲ, ಏಕೆಂದರೆ ಅಮ್ಮ ಹೊರಗಿನಿಂದ ಬಂದವಳು. ಅಪ್ಪನಿಗೂ ಇಲ್ಲ, ಏಕೆಂದರೆ ಗಂಡಸರ ಬಾಯಿ ಪೇಟೆಯಲ್ಲಿ ತೆರೆಯುತ್ತದೆ.

ಅಣಬೆಗೆ ಅಜ್ಜಿಯ ಕಟ್ಟಳೆಗಳು ಬಹಳ. ಎದ್ದ ಜಾಗಕ್ಕೆ ಬೆರಳು ತೋರಿಸಬಾರದು, ತೋರಿಸಿದರೆ ಮುಂದಿನ ವರ್ಷ ಏಳುವುದಿಲ್ಲ. ಕತ್ತಿ ತಾಗಿಸಬಾರದು. ಬೇರಿನ ಸುತ್ತ ಬೆರಳಿನಿಂದಲೇ ಮಣ್ಣು ಬಿಡಿಸಿ ಉದ್ದಕ್ಕೆ ಎಳೆಯಬೇಕು. ಆ ಬೇರುಗಳು ಒಂದೊಂದು ಮೊಳದಷ್ಟು ಒಳಗೆ ಹೋಗಿರುತ್ತಿದ್ದವು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ, ಯಾರು ಕೇಳಿದರೂ ಜಾಗ ಹೇಳಬಾರದು. ಎಲ್ಲಿಯದು ಎಂದು ಕೇಳಿದರೆ ಗುಡ್ಡೆಯದು ಎನ್ನಬೇಕು. ಇದು ನಮ್ಮ ಮನೆಯ ಕಟ್ಟಳೆ ಮಾತ್ರವಲ್ಲ, ಊರಿನಲ್ಲಿ ಎಲ್ಲರೂ ಹಾಗೆಯೇ ಹೇಳುತ್ತಿದ್ದರು. ಕೇಳುವವರಿಗೂ ಅದು ಉತ್ತರವಲ್ಲ ಎಂದು ಗೊತ್ತು. ಅದನ್ನು ಯಾರೂ ಸುಳ್ಳು ಎಂದು ಎಣಿಸುತ್ತಿರಲಿಲ್ಲ. ಗೆದ್ದಲು ಇದ್ದಲ್ಲೇ ಆ ಅಣಬೆ ಏಳುತ್ತದೆ ಎಂಬುದು ಅಜ್ಜಿಗೆ ಗೊತ್ತಿಲ್ಲದೆ ಇರಲು ಸಾಧ್ಯವಿಲ್ಲ. ಆದರೆ ಅವಳ ಮಟ್ಟಿಗೆ ಅದು ಅಣಬೆ ಕೊಡುವ ಒಳ್ಳೆಯ ಹುಳ. ಕಟ್ಟದ ಚಿಂತೆ ಗಂಡಸರದ್ದು.

ನನಗೆ ಒಂಬತ್ತು, ಅಕ್ಕನಿಗೆ ಹದಿಮೂರು ಇದ್ದ ವರ್ಷ ಅಮ್ಮ ತಮ್ಮನನ್ನು ಹೆರಲು ಜಾಲ್ಸೂರಿನ ಹತ್ತಿರದ ತವರಿಗೆ ಹೋಗಿದ್ದಳು. ಮನೆಯಲ್ಲಿ ಅಪ್ಪ, ಅಜ್ಜಿ, ನಾವಿಬ್ಬರು. ಬೇಸಗೆಯ ಕೊನೆಯಲ್ಲಿ ಮೀನಿನ ಹಸನಬ್ಬ ಬುಟ್ಟಿ ಹೊತ್ತುಕೊಂಡು ಕಟ್ಟದ ಬುಡದ ಅಡ್ಡದಾರಿಯಿಂದ ಹತ್ತಿ ಬಂದು, ಬುಟ್ಟಿ ಇಳಿಸುತ್ತ ಅಜ್ಜಿಗೆ ಹೇಳಿದ್ದು ನನಗೆ ನೆನಪಿದೆ. ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿರುವುದು ನಾನು ಕನ್ನಡಕ್ಕೆ ತಂದದ್ದು.

“ಅಜ್ಜಿ, ನಿಮ್ಮ ಕಟ್ಟಕ್ಕೆ ಜ್ವರ ಬಿಟ್ಟ ಹಾಗೆ ಉಂಟು. ಬೆವರ್ತಾ ಉಂಟು.”

“ನಿನ್ನ ಮೀನಿನ ನೀರು ಚೆಲ್ಲಿರ್ಬೇಕು ಅಲ್ಲಿ.”

“ನನ್ನ ಮೀನು ಅಷ್ಟು ನೀರು ಬಿಟ್ರೆ ನಾನು ಮದಕವನ್ನೇ ಮಾರ್ತಿದ್ದೆ ಅಜ್ಜಿ.”

ಅಜ್ಜಿ ನಕ್ಕು ಬಂಗುಡೆ ಆರಿಸಲು ಕುಳಿತಳು. ಅದಾಗಿ ಎರಡು ಮೂರು ದಿನಕ್ಕೆ ಐತಪ್ಪಣ್ಣ ಜಗಲಿಯ ಕೆಳಗೆ ಬಂದು ನಿಂತರು. ಅಪ್ಪ ಜಗಲಿಯಲ್ಲಿ ಕುಳಿತು ಎಲೆಯಡಕೆ ಹಾಕುತ್ತಿದ್ದರು. ನಾನು ಚಾವಡಿಯ ಕಂಬಕ್ಕೆ ಒರಗಿ, ಅಕ್ಕ ಹೊಸ್ತಿಲಿನಲ್ಲಿ.

“ಧಣಿ, ಕಟ್ಟದ ಬುಡ ತಂಪು ಉಂಟು. ಈ ಬಿಸಿಲಿಗೂ ಒಣಗ್ಲಿಲ್ಲ.”

“ಮಣ್ಣಿನ ಕಟ್ಟ ಅಲ್ವಾ ಮಾರಾಯ. ಸ್ವಲ್ಪ ತಂಪು ಇರ್ತದೆ.”

“ಎಲ್ಲ ಕಡೆ ಇದ್ರೆ ಅಡ್ಡಿ ಇಲ್ಲ. ಇದು ಒಂದೇ ಕಡೆ.”

“ಎಂತ ಮಾಡುದು ಹೇಳು.”

“ಈ ಮಳೆಗಾಲ ತೂಬು ತೆರೆದೇ ಬಿಡುವ. ನೀರು ನಿಲ್ಲಿಸುದು ಬೇಡ. ಮಳೆ ಹೋದ ಮೇಲೆ ಅಗೆದು ನೋಡಿ, ಬಡಿದು ಕಟ್ಟುವ.”

“ನೀರು ನಿಲ್ಲಿಸದಿದ್ರೆ ಸುಗ್ಗಿ ಎಲ್ಲಿಂದ? ಹುಳ ಗಿಳ ಕಂಡಿದೆಯಾ ನಿಂಗೆ?”

“ಕಾಣ್ಲಿಲ್ಲ.”

“ಕಂಡ್ರೆ ಹೇಳು. ಅವತ್ತೇ ತೂಬು ತೆರೆಯುವ, ಸುಗ್ಗಿ ಹೋದ್ರೆ ಹೋಗ್ಲಿ. ತಂಪು ಉಂಟು ಅಂತ ಒಂದು ಬೆಳೆ ಬಿಡ್ಲಿಕ್ಕೆ ಆಗ್ತದಾ?” ಅಪ್ಪ ಎದ್ದು ಎಲೆ ಉಗುಳಿ ಬಂದು ಇನ್ನೊಂದು ಮಾತು ಸೇರಿಸಿದರು. “ನಿಂಗೆ ಅಲ್ಲಿ ಹೆದರಿಕೆ ಆದ್ರೆ ಆ ಮನೆ ಬಿಟ್ಟು ಮೇಲೆ ಬಾ. ಗುಡ್ಡೆಬದಿಯಲ್ಲಿ ಬೇರೆ ಕಟ್ಟುವ.”

ಐತಪ್ಪಣ್ಣ ಬೈರಾಸನ್ನು ಹೆಗಲಿಗೆ ಹಾಕಿಕೊಂಡು ಇಳಿದು ಹೋದರು. ಆ ವರ್ಷಗಳಲ್ಲಿ ಒಕ್ಕಲುಗಳು ಡಿಕ್ಲರೇಶನ್ ಕೊಡುತ್ತಿದ್ದರು. ಉಳುವ ಗದ್ದೆ, ಕುಳಿತ ಮನೆಯಡಿ ತಮ್ಮದಾಗಬೇಕು ಎಂದು ಸರಕಾರಕ್ಕೆ ಕೊಡುವ ಅರ್ಜಿ ಅದು. ಐತಪ್ಪಣ್ಣನೂ ಕೊಟ್ಟಿದ್ದರು, ಆ ಮನೆಯಡಿಗೆ ಮತ್ತು ಅದಕ್ಕೆ ತಾಗಿದ ಎರಡು ಸಣ್ಣ ಗದ್ದೆಗೆ. ಅಪ್ಪ ಅದಕ್ಕೆ ತಕರಾರು ಮಾಡಿರಲಿಲ್ಲ. ಆದರೆ ಜಗಲಿಯ ಮೇಲಿನ ಮಾತು ಮೊದಲಿನ ಹಾಗೆ ಇರಲಿಲ್ಲ. ಮನೆ ಬಿಟ್ಟು ಎದ್ದು ಬಂದವನ ಅರ್ಜಿಗೆ ಏನು ಬೆಲೆ ಇರುತ್ತದೆ? ಅಪ್ಪ ಅದನ್ನು ಯೋಚಿಸಿ ಹೇಳಿದರೋ, ಒಳ್ಳೆಯ ಮನಸ್ಸಿನಿಂದ ಹೇಳಿದರೋ, ನನಗೆ ಇವತ್ತಿಗೂ ತಿಳಿಯದು. ಕೆಲವು ದಿನ ಒಂದನ್ನು ನಂಬುತ್ತೇನೆ, ಕೆಲವು ದಿನ ಇನ್ನೊಂದನ್ನು.

ಮಳೆ ಬಂತು. ಗುಡುಗಿತು. ಮೂರನೆಯ ಬೆಳಿಗ್ಗೆ ಅಕ್ಕ ಮತ್ತು ನಾನು ಬುಟ್ಟಿ ತೆಗೆದುಕೊಂಡು ಹೋದರೆ ಪೊದೆಯ ಸುತ್ತ ಎಂದೂ ಇಲ್ಲದಷ್ಟು ಅಣಬೆ. ಪೊದೆಯಿಂದ ಆಚೆಗೂ ಹರಡಿತ್ತು. ಎರಡು ಬುಟ್ಟಿ ತುಂಬಿತು. ಅಕ್ಕ ತನ್ನ ಲಂಗದಲ್ಲೂ ತುಂಬಿಕೊಂಡಳು. ಮನೆಗೆ ಬಂದು ಜಗಲಿಯಲ್ಲಿ ಸುರುವಿ ಕೈಯಲ್ಲಿ ಸೀಳುತ್ತ ಕುಳಿತಿದ್ದೆವು. ಒಳಗೆ ಅಜ್ಜಿ ಕೊತ್ತಂಬರಿ, ಮೆಣಸು ಹುರಿಯುತ್ತಿದ್ದಳು. ಹಲಸಿನ ಬೀಜ ಬೇಯುತ್ತಿತ್ತು. ಆಗ ಐತಪ್ಪಣ್ಣ ಬಂದರು. ಅಣಬೆಯ ರಾಶಿಯನ್ನು ಸ್ವಲ್ಪ ಹೊತ್ತು ನೋಡಿದರು.

“ದೊಡ್ಡಕ್ಕ, ಜೋರು ಸಿಕ್ಕಿದೆಯಲ್ಲ. ಎಲ್ಲಿಯದು?”

“ಗುಡ್ಡೆಯದು,” ಎಂದಳು ಅಕ್ಕ.

“ಯಾವ ಗುಡ್ಡೆ?”

“ಗುಡ್ಡೆಗೆ ಹೆಸರು ಉಂಟಾ ಐತಪ್ಪಣ್ಣ? ಹೇಳಿದ್ರೆ ನಾಳೆ ನೀನೇ ಹೋಗಿ ತರುದು.”

“ನಾನು ತರುದಿಲ್ಲ. ನಂಗೆ ಬೇಡ ಅದು. ಮದಕದ ಕಡೆಯದ್ದಾ ಅಂತ ಕೇಳಿದ್ದು.”

“ಅಲ್ಲ, ಗುಡ್ಡೆಯದು.”

ಅವರು ನನ್ನ ಕಡೆ ತಿರುಗಿದರು. “ಸಣ್ಣಕ್ಕ?”

ನನಗೆ ಅವರ ಮುಖ ನೋಡಿ ಹೇಳಬೇಕು ಎನಿಸಿದ್ದು ನೆನಪಿದೆ. ಆದರೆ ಒಳಗೆ ಹುರಿಯುವ ಸದ್ದು ನಿಂತಿತ್ತು. ಅಜ್ಜಿ ಸಟ್ಟುಗ ಕೈಯಲ್ಲಿ ಹಿಡಿದು ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ನನಗೆ ತಿಳಿಯಿತು. “ಗುಡ್ಡೆಯದು,” ಎಂದೆ.

ಐತಪ್ಪಣ್ಣ ಬಗ್ಗಿ ರಾಶಿಯಿಂದ ಒಂದು ಅಣಬೆ ಎತ್ತಿದರು. ಬೇರಿನ ತುದಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಿಕ್ಕಿದರು. ಅದನ್ನು ಇದ್ದಲ್ಲೇ ಇಟ್ಟು, ಕೈಯನ್ನು ಬೈರಾಸಿಗೆ ಒರೆಸಿಕೊಂಡರು. “ಗುಡ್ಡೆಯದಾದ್ರೆ ಒಳ್ಳೆಯದಾಯ್ತು,” ಎಂದು ಹೇಳಿ ಇಳಿದು ಹೋದರು. ಅಜ್ಜಿ ಒಳಗಿನಿಂದ ಬಂದು, ಇಬ್ಬರೂ ನನ್ನ ಹೊಟ್ಟೆಯಲ್ಲಿ ಹುಟ್ಟಬೇಕಿತ್ತು, ಎಂದಳು. ಮಧ್ಯಾಹ್ನ ಬಾಗಿಯಕ್ಕನಿಗೂ ಒಂದು ಬಟ್ಟಲು ಗಸಿ ಕೊಟ್ಟಳು. ಅವರು ಜಗಲಿಯ ಕೆಳಗೆ ಕುಳಿತು ಬೆರಳು ನೆಕ್ಕಿ ಉಂಡರು. ಗಂಡನಿಗೆ ಎಂದು ಸ್ವಲ್ಪ ಬಾಳೆಲೆಯಲ್ಲಿ ಕಟ್ಟಿಕೊಂಡು ಹೋದರು.

ಹುಳ ಕಂಡರೆ ಹೇಳು ಎಂದು ಅಪ್ಪ ಅಂದದ್ದನ್ನು ನಾನೂ ಕೇಳಿದ್ದೆ, ಅಕ್ಕನೂ ಕೇಳಿದ್ದಳು. ನನ್ನ ತಲೆಯಲ್ಲಿ ಕಟ್ಟವನ್ನು ಒಳಗಿನಿಂದ ಕೊರೆಯುವ ಹುಳವೂ ಅಣಬೆಯೂ ಬೇರೆ ಬೇರೆ ಕಡೆ ಇದ್ದವು. ಒಂದರಿಂದ ಇನ್ನೊಂದಕ್ಕೆ ದಾರಿ ಇರಲಿಲ್ಲ. ಅಕ್ಕನ ತಲೆಯಲ್ಲಿ ಇತ್ತೇ? ಹದಿಮೂರು ವರ್ಷ ಅಂದರೆ ಸಣ್ಣದಲ್ಲ. ಈ ಪ್ರಶ್ನೆಯನ್ನು ನಾನು ಅವಳಿಗೆ ಕೇಳಲಿಲ್ಲ. ಅವಳೂ ನನಗೆ ಕೇಳಲಿಲ್ಲ.

ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಜೋರು ಮಳೆಯಲ್ಲಿ, ಮದಕ ತುಂಬಿ ಕೋಡಿ ಹರಿಯಿತು. ಕೋಡಿ ಹರಿದ ದಿನ ಅಜ್ಜಿ ಎಂದಿನಂತೆ ಅರಳು, ಅರಸಿನ, ಒಂದು ಹಿಡಿ ಅಕ್ಕಿ ತೆಗೆದುಕೊಂಡು ಹೋಗಿ ನೀರಿಗೆ ಬಿಟ್ಟು ಬಂದಳು. ಮಳೆಯೆಂದು ಅವತ್ತು ಶಾಲೆಗೆ ರಜೆ ಕೊಟ್ಟಿದ್ದರು. ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ, ಗಂಜಿ ಬಡಿಸುವ ಹೊತ್ತು. ಬಾಗಿಯಕ್ಕ ಆ ದಿನ ಬತ್ತ ಬೇಯಿಸಲು ಬಂದಿರಲಿಲ್ಲ, ಮಳೆಗೆ ಒಲೆ ಉರಿಯುವುದಿಲ್ಲ ಎಂದು ಅಜ್ಜಿಯೇ ಬೇಡವೆಂದಿದ್ದಳು. ಐತಪ್ಪಣ್ಣ ಕೋಡಿಯಲ್ಲಿ ಸಿಕ್ಕಿಕೊಂಡಿದ್ದ ಕೊಂಬೆಗಳನ್ನು ಎಳೆದು ಹಾಕುತ್ತಿದ್ದರು. ಅವರು ಕೂಗಿದ್ದು ನಮಗೆ ಕೇಳಿತು. ನಾವು ಅಂಗಳದ ತುದಿಗೆ ಓಡಿದೆವು.

ಕಟ್ಟದ ಹೊರಮೈಯಲ್ಲಿ, ನಮ್ಮ ಪೊದೆಯ ಕೆಳಗಿನಿಂದ ನೀರು ಹೊರಗೆ ಬರುತ್ತಿತ್ತು. ತೂಬಿನಷ್ಟೇ ದಪ್ಪ, ಹೆಚ್ಚಲ್ಲ. ಮೊದಲು ಅದು ಕೆಂಪಾಗಿತ್ತು. ನೋಡುತ್ತಿದ್ದಂತೆ ಬಿಳಿಯಾಯಿತು, ಅಕ್ಕಿ ತೊಳೆದ ನೀರಿನ ಹಾಗೆ. ಬಾಗೀ, ಮೇಲೆ ಹತ್ತು, ಮೇಲೆ ಹತ್ತು, ಎಂದು ಐತಪ್ಪಣ್ಣ ಕೋಡಿಯ ಕಡೆಯಿಂದ ಕೂಗುತ್ತ ಕಟ್ಟದ ಮೇಲೆ ಓಡಿ ಬರುತ್ತಿದ್ದರು. ಬಾಗಿಯಕ್ಕ ಹೊರಗೆ ಬಂದರು. ನಮ್ಮ ಗುಡ್ಡೆಯ ಕಡೆಗೆ ನಾಲ್ಕು ಹೆಜ್ಜೆ ಹತ್ತಿದರು. ಅವರ ದನದ ಹಟ್ಟಿಯಲ್ಲಿ ಕಟ್ಟಿದ್ದ ಕರು ಕೂಗಿತು. ಅವರು ನಿಂತರು. ಬೇಡ, ಬೇಡ, ಎಂದು ಅಜ್ಜಿ ನನ್ನ ಪಕ್ಕದಲ್ಲಿ ಮೆಲ್ಲಗೆ ಹೇಳಿದಳು, ಅವರಿಗೆ ಕೇಳಲಾರದಷ್ಟು ಮೆಲ್ಲಗೆ. ಬಾಗಿಯಕ್ಕ ಕರುವಿನ ಹಗ್ಗ ಬಿಚ್ಚಲು ತಿರುಗಿ ಇಳಿದರು. ಪೊದೆ ಇದ್ದ ಹಾಗೇ, ನಿಂತ ಹಾಗೇ, ಕೆಳಗೆ ಜಾರಿತು. ಅದರ ಮೇಲಿನ ಕಟ್ಟ ಕುಸಿಯಿತು. ಸದ್ದು ಆಮೇಲೆ ಬಂತು ಎಂದು ನನ್ನ ನೆನಪು. ಮೊದಲು ಸದ್ದು ಎಂದು ಅಕ್ಕ ಹೇಳುತ್ತಿದ್ದಳು.

ಬಾಗಿಯಕ್ಕ ಸಿಕ್ಕಿದ್ದು ಮೂರನೆಯ ದಿನ, ಬೈಲಿನ ಕೊನೆಯಲ್ಲಿ, ತೋಡಿನ ಬದಿಯ ಕೇದಗೆ ಬೇರುಗಳ ನಡುವೆ. ಹಗ್ಗ ಕೈಯಲ್ಲೇ ಇತ್ತು ಎಂದು ಜನ ಮಾತಾಡಿಕೊಂಡರು. ನಾವು ನೋಡಲಿಲ್ಲ, ನಮ್ಮನ್ನು ಹೋಗಲು ಬಿಡಲಿಲ್ಲ. ಕರು ಮಾತ್ರ ಅದೇ ದಿನ ಸಂಜೆ ತಾನಾಗಿ ನಮ್ಮ ಹಟ್ಟಿಗೆ ಬಂದು ನಿಂತಿತ್ತು.

ಒಂದು ವಾರದ ಮೇಲೆ ಪೇಟೆಯಿಂದ ಒಬ್ಬ ಅಧಿಕಾರಿ ಬಂದು, ಒಡೆದ ಜಾಗವನ್ನು ಕೊಡೆ ಹಿಡಿದು ನೋಡಿ, ನಮ್ಮ ಜಗಲಿಯಲ್ಲಿ ಕುಳಿತು ಬರೆದುಕೊಂಡರು. ಖಾಸಗಿ ಕಟ್ಟವಾದ್ದರಿಂದ ಅದನ್ನು ಈ ಮೊದಲು ಸರಕಾರದವರು ಯಾರೂ ಬಂದು ಪರೀಕ್ಷಿಸಿರಲಿಲ್ಲ. ಗೆದ್ದಲು, ಏಡಿಯ ಬಿಲ, ಸೋರಿಕೆ, ಮುಂಚೆ ಏನಾದರೂ ಕಂಡಿತ್ತೇ ಎಂದು ಅವರು ಐತಪ್ಪಣ್ಣನನ್ನು ಕೇಳಿದರು. ಐತಪ್ಪಣ್ಣ ಜಗಲಿಯ ಕೆಳಗೆ ನಿಂತಿದ್ದರು.

“ಇಲ್ಲ ಸ್ವಾಮಿ. ಎಂತದೂ ಕಾಣ್ಲಿಲ್ಲ.”

ಅಪ್ಪ ಅಡಕೆ ಕತ್ತರಿಸುತ್ತಿದ್ದರು. ತಂಪು ಉಂಟು ಎಂದು ಇವನು ಹೇಳಿದ್ದ, ನಾನು ಕೇಳಲಿಲ್ಲ, ಎನ್ನಲು ಅವರಿಗೆ ಅವಕಾಶವಿತ್ತು. ಅವರು ಅಡಕೆ ಕತ್ತರಿಸುತ್ತಲೇ ಇದ್ದರು, ಮೂರು ಜನರಿಗೆ ಸಾಕಾಗುವಷ್ಟು, ನಾಲ್ಕು ಜನರಿಗೆ. ಬಾಗಿಲ ಹಿಂದೆ ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು. ಅತಿಯಾದ ಮಳೆಯಿಂದ ಎಂದು ಅಧಿಕಾರಿ ಬರೆದರು. ಕಾಫಿ ಕುಡಿದು ಹೋದರು. ಆ ದಿನದಿಂದ ನಮ್ಮ ಮನೆ ಮಾತಿನಲ್ಲಿ ತುಂಬ ಜಾಗ್ರತೆಯ ಮನೆಯಾಯಿತು. ಅಪ್ಪ ಅಂಗಳದ ಆ ತುದಿಗೆ ಹೋಗುವುದನ್ನು ಬಿಟ್ಟರು. ಅಮ್ಮ ತಮ್ಮನನ್ನು ಎತ್ತಿಕೊಂಡು ಬಂದಾಗ, ಇದೆಂತ ಎಲ್ಲರೂ ಮೂಕರಾಗಿದ್ದೀರಿ, ಎಂದಳು. ಮರುವರ್ಷ ಗುಡುಗಿದಾಗ ಅಜ್ಜಿ ಅಭ್ಯಾಸದಿಂದ ಬುಟ್ಟಿ ತೆಗೆದಳು. ಬಾಗಿಲವರೆಗೆ ಹೋದಳು. ತಿರುಗಿ ಬಂದು ಬುಟ್ಟಿಯನ್ನು ಕವುಚಿ ಹಾಕಿದಳು. ಆಮೇಲೆ ಆ ಮನೆಯಲ್ಲಿ ಅಣಬೆ ಬೇಯಲಿಲ್ಲ. ಕಟ್ಟವನ್ನು ಮತ್ತೆ ಕಟ್ಟಲೂ ಇಲ್ಲ. ಬೈಲಿನ ಸುಗ್ಗಿ ನಿಂತಿತು. ಐತಪ್ಪಣ್ಣನ ಮನೆಯಡಿ ಎರಡು ವರ್ಷದ ನಂತರ ಅವರ ಹೆಸರಿಗೆ ಆಯಿತು. ಅಲ್ಲಿ ಮನೆ ಇರಲಿಲ್ಲ, ಬರೀ ಮರಳು ಮತ್ತು ಬಿಳಿ ಜೇಡಿ. ಅವರು ನೆಲ್ಯಾಡಿಯ ಕಡೆಗೆ ರಬ್ಬರು ತೋಟದ ಕೆಲಸಕ್ಕೆ ಹೋದರು.

ಎಂಬತ್ತರ ದಶಕದ ಕೊನೆಗೆ ನನ್ನ ಮದುವೆ ಗೊತ್ತಾಯಿತು. ನೆಲ್ಯಾಡಿಯ ನೆಂಟರಿಗೆ ಮದುವೆ ಕಾಗದ ಕೊಡಲು ಅಮ್ಮನ ಜೊತೆ ಹೋಗಿದ್ದೆ. ಅಮ್ಮ ಅಲ್ಲಿ ಮಾತಿಗೆ ಕುಳಿತಾಗ ನಾನು ಇನ್ನೊಂದು ಕಾಗದ ಹಿಡಿದುಕೊಂಡು ತೋಟದ ಒಳಗೆ ಐತಪ್ಪಣ್ಣ ಇರುವ ಶೆಡ್ಡಿಗೆ ನಡೆದೆ. ಅವರು ರಬ್ಬರು ಹಾಳೆಗಳನ್ನು ಹಗ್ಗದ ಮೇಲೆ ಒಣಗಲು ಹಾಕುತ್ತಿದ್ದರು. ನನ್ನನ್ನು ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು. ಒಂದು ಬೆಂಚನ್ನು ಬೈರಾಸಿನಿಂದ ಒರೆಸಿ ಕುಳಿತುಕೊಳ್ಳಿ ಎಂದರು. ಅವರ ಕಾಲಿನಲ್ಲಿ ಚಪ್ಪಲಿ ಇತ್ತು.

“ಚಪ್ಪಲಿ ಹಾಕ್ತೀರಾ ಈಗ?”

“ಹಾವು ಉಂಟು ಇಲ್ಲಿ. ಮತ್ತೆ ಈಗ ಕಾಲಿಗೆ ಎಂತ ಗೊತ್ತಾಗ್ಲಿಕ್ಕೂ ಇಲ್ಲ.”

ಅವರು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಹೋಗಿ ಒಂದೇ ಉಳಿದಿತ್ತು.

“ಐತಪ್ಪಣ್ಣ, ಆ ಅಣಬೆ ಗುಡ್ಡೆಯದಲ್ಲ.”

“ಗೊತ್ತುಂಟು.”

“ಯಾವಾಗ ಗೊತ್ತಾದದ್ದು?”

“ಅವತ್ತೇ. ಬೇರಿನ ತುದಿಯಲ್ಲಿ ಜೇಡಿ ಇತ್ತು. ನಮ್ಮ ಗುಡ್ಡೆಯಲ್ಲಿ ಎಷ್ಟು ಅಗೆದ್ರೂ ಕೆಂಪೇ ಅಲ್ವಾ. ಆ ಜೇಡಿ ಬೈಲಿಂದ ಹೊತ್ತು ಹಾಕಿದ್ದು ನನ್ನ ಅಪ್ಪ, ಜೊತೆಗೆ ನಾನು. ನಂಗೆ ಗೊತ್ತಾಗದೆ ಇರ್ತದಾ? ಹುಳ ಕಟ್ಟದ ಹೊಟ್ಟೆಗೆ ಹೋಗಿದೆ ಅಂತ ಗೊತ್ತಾಯ್ತು.”

“ಮತ್ತೆ ಅಪ್ಪನಿಗೆ ಎಂತಕ್ಕೆ ಹೇಳ್ಲಿಲ್ಲ?”

ಅವರು ಒಂದು ಹಾಳೆಯನ್ನು ಹಗ್ಗದಿಂದ ತೆಗೆದು ಮತ್ತೆ ಅದೇ ಜಾಗದಲ್ಲಿ ಹಾಕಿದರು.

“ಎಂತ ಹೇಳುದು ಸಣ್ಣಕ್ಕ? ನಿಮ್ಮ ಮಕ್ಕಳು ಸುಳ್ಳು ಹೇಳಿದ್ರು ಅಂತಲಾ? ಡಿಕ್ಲರೇಶನ್ ಕೊಟ್ಟವ ನಾನು. ಇವ ಕಟ್ಟಕ್ಕೆ ಹೆಸರು ಇಡ್ತಾನೆ ಅಂತ ಆಗ್ತಿತ್ತು. ಹೆದರಿಕೆ ಆದ್ರೆ ಎದ್ದು ಬಾ ಅಂತ ಆಗ್ತಿತ್ತು. ಆಟಿ ಒಂದು ಕಳೀಲಿ, ಮತ್ತೆ ಯಾರಿಗೂ ಹೇಳದೆ ನಾನೇ ಅಗೆದು ತೆಗಿತೇನೆ ಅಂತ ಗ್ರಹಿಸಿದೆ. ಬಾಗಿಗೂ ಹೇಳ್ಲಿಲ್ಲ. ಅವಳು ಆ ಅಣಬೆ ಗಸಿ ತಂದು ನಂಗೆ ಬಡಿಸಿದ್ಲು. ತಿಂದೆ.”

ನಾನು ಅಳುತ್ತಿದ್ದೆ. ಅವರು ಅದನ್ನು ನೋಡದವರ ಹಾಗೆ ಕಾಗದವನ್ನು ಮಾಡಿನ ಸಂದಿಗೆ ಸಿಕ್ಕಿಸಿದರು. ನಾನು ಎದ್ದಾಗ ಅವರು ಒಂದು ಮಾತು ಕೇಳಿಕೊಂಡರು.

“ದೊಡ್ಡಕ್ಕನಿಗೆ ಹೇಳುದು ಬೇಡ, ನಂಗೆ ಗೊತ್ತಿತ್ತು ಅಂತ. ಅವರು ಸಣ್ಣ ಪ್ರಾಯದಲ್ಲಿ ಹೇಳಿದ್ದು ಒಂದು ಮಾತು. ನಂಗೆ ಗೊತ್ತಿದ್ದೂ ಸುಮ್ಮನಿದ್ದೆ ಅಂತ ಅವರು ಗ್ರಹಿಸುದು ಬೇಡ.”

ಅವರು ಮದುವೆಗೆ ಬರಲಿಲ್ಲ. ಕೆಲವು ವರ್ಷಗಳ ನಂತರ ತೀರಿಕೊಂಡರು ಎಂದು ಯಾರೋ ಹೇಳಿದರು. ಅಕ್ಕನಿಗೆ ನಾನು ಹೇಳಲಿಲ್ಲ. ಮೊದಮೊದಲು ಕೊಟ್ಟ ಮಾತು ಎಂದು ಹೇಳಲಿಲ್ಲ. ಆಮೇಲೆ ಅದು ಅಭ್ಯಾಸವಾಯಿತು. ಅಕ್ಕ ಮದುವೆ ಬೇಡ ಎಂದಳು. ಕಾರಣ ಕೇಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಹೇಳಿದಳು. ತಮ್ಮನ ಸಂಸಾರದ ಜೊತೆ ಆ ಮನೆಯಲ್ಲೇ ಉಳಿದಳು. ಪ್ರತಿ ಆಟಿಯಲ್ಲಿ ಅಂಗಳದ ತುದಿಯಲ್ಲಿ ನಿಂತು ಒಡೆದ ಕಟ್ಟವನ್ನು ನೋಡುತ್ತಿದ್ದಳು ಎಂದು ತಮ್ಮನ ಹೆಂಡತಿ ಹೇಳಿದ್ದುಂಟು. ಐತಪ್ಪಣ್ಣನಿಗೆ ಅವತ್ತೇ ಗೊತ್ತಿತ್ತು ಎಂದು ಹೇಳಿದ್ದರೆ ಅವಳ ಭಾರ ಇಳಿಯುತ್ತಿತ್ತೋ, ಇನ್ನೊಂದು ಭಾರ ಸೇರುತ್ತಿತ್ತೋ ನಾನು ತೂಗಿ ನೋಡುತ್ತಲೇ ಇದ್ದೆ. ತೂಗುವುದರಲ್ಲಿ ಮೂವತ್ತು ವರ್ಷಕ್ಕಿಂತ ಹೆಚ್ಚು ಹೋಯಿತು.

ಈ ಸಲದ ಮಳೆಗೆ ಮುಂಚೆಯೇ ಅಕ್ಕ ಹಾಸಿಗೆ ಹಿಡಿದಿದ್ದಳು. ನಾನು ಹೋಗಿ ಅವಳ ಜೊತೆ ಇದ್ದೆ. ಗಂಜಿಯ ತಿಳಿ ಬಿಟ್ಟರೆ ಏನೂ ಸೇರುತ್ತಿರಲಿಲ್ಲ. ಒಂದು ಮಧ್ಯಾಹ್ನ ಗುಡುಗಿತು. ಕಣ್ಣು ಮುಚ್ಚಿಕೊಂಡೇ ಅವಳು, ಅಣಬೆ ಎದ್ದಿರ್ಬೇಕು, ಎಂದಳು. ಆ ಮನೆಯಲ್ಲಿ ಆ ಶಬ್ದವನ್ನು ನಾನು ಕೇಳಿ ಎಷ್ಟೋ ಕಾಲವಾಗಿತ್ತು. ತಿಂತೀಯಾ, ಎಂದೆ. ಒಂದು ತುಂಡು, ಎಂದಳು. ಎರಡು ದಿನ ಬಿಟ್ಟು ಬೆಳಿಗ್ಗೆ ನಾನು ಮದಕಕ್ಕೆ ಹೋದೆ. ನಡುವೆ ತೋಡು ಹರಿಯುತ್ತದೆ, ಕಟ್ಟದ ಎರಡು ತುದಿಗಳು ಮಾತ್ರ ಎರಡು ಕಡೆ ಗುಡ್ಡೆಗೆ ಒರಗಿಕೊಂಡು ಉಳಿದಿವೆ. ನಮ್ಮ ಕಡೆಯ ತುದಿಯ ಮೇಲೆ ಏಳೆಂಟು ಅಣಬೆ ಎದ್ದಿದ್ದವು. ಅಜ್ಜಿ ಕಲಿಸಿದಂತೆ ಬೆರಳಿನಿಂದ ಮಣ್ಣು ಬಿಡಿಸಿ ಬೇರು ತುಂಡಾಗದ ಹಾಗೆ ಎಳೆದೆ. ಕೈಯಲ್ಲಿ ಸೀಳಿ, ಕೊತ್ತಂಬರಿ ಮೆಣಸು ಹುರಿದು, ಹಲಸಿನ ಬೀಜ ಹಾಕಿ, ಖಾರ ಕಡಿಮೆ ಮಾಡಿ ಗಸಿ ಮಾಡಿದೆ. ಬಟ್ಟಲು ಹಿಡಿದು ಹಾಸಿಗೆಯ ಹತ್ತಿರ ಕುಳಿತಾಗ ಅಕ್ಕ ಕಣ್ಣು ಬಿಟ್ಟಳು.

“ಎಲ್ಲಿಯದು?”

ಹೇಳಬೇಕಾದದ್ದನ್ನೆಲ್ಲ ಹೇಳಲು ಇದೇ ಹೊತ್ತು ಎಂದು ನನಗೆ ಗೊತ್ತಾಯಿತು. ಇನ್ನೊಂದು ಹೊತ್ತು ಬರುವುದಿಲ್ಲ ಎಂದೂ ಗೊತ್ತಾಯಿತು.

“ಗುಡ್ಡೆಯದು,” ಎಂದೆ.

ಅಕ್ಕ ನನ್ನ ಕೈ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಎಷ್ಟು ತೊಳೆದಿದ್ದರೂ ಉಗುರಿನ ಸಂದಿಯಲ್ಲಿ ಬಿಳಿ ಜೇಡಿ ಉಳಿದಿತ್ತು. ತನ್ನ ಹೆಬ್ಬೆರಳಿನಿಂದ ಅದನ್ನು ಮೆಲ್ಲಗೆ ತಿಕ್ಕಿದಳು, ಒಂದು ಬೆರಳು, ಇನ್ನೊಂದು ಬೆರಳು. ಆಮೇಲೆ ಕೈ ಬಿಟ್ಟಳು.

“ಹೌದು, ಗುಡ್ಡೆಯದೇ,” ಎಂದು ಬಾಯಿ ತೆರೆದಳು.